ಸ್ಟೇರಿಂಗ್ ನೇರ ಕಂಡರೆ ಎಲ್ಲ ಸರಿಯಿದೆ ಎಂದರ್ಥವೇ?

ಚಿಕ್ಕಮಗಳೂರಿನಿಂದ ಕೈಮರ ದಾಟಿ ಅತ್ತಿಗುಂಡಿಗೆ ಹತ್ತುವ ರಸ್ತೆಯಲ್ಲಿ ತಿರುವುಗಳಿಗೆ ಬರವಿಲ್ಲ. ಮಳೆಗಾಲದಲ್ಲಿ ಮಂಜು, ಕೆಸರು ಬೇರೆ. ಇಂಥ ಕಡೆ ಕಾರು ಜಾರತೊಡಗಿದರೆ, ಇಎಸ್‌ಸಿ ಎಂಬ ಸ್ಥಿರತಾ ನಿಯಂತ್ರಣ ವ್ಯವಸ್ಥೆ ಬೇಕಾದ ಚಕ್ರಕ್ಕಷ್ಟೇ ಬ್ರೇಕ್ ಹಾಕಿ ಅದನ್ನು ದಾರಿಗೆ ತರಲು ನೋಡುತ್ತದೆ. 1997ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದರ ಪರೀಕ್ಷೆಯಲ್ಲಿ ಮರ್ಸಿಡಿಸ್ ಎ-ಕ್ಲಾಸ್ ಮಗುಚಿದ ಮೇಲೆ ಇದು ಮನೆಮಾತಾಯಿತು. ಕಂಪನಿ ಆ ಮಾದರಿಯ ಎಲ್ಲ ಕಾರುಗಳಿಗೂ ಇದನ್ನು ಅಳವಡಿಸಿತು.

ಈ ವ್ಯವಸ್ಥೆಗೆ ಎರಡು ಸಂಗತಿ ತಿಳಿಯಬೇಕು. ಕಾರು ನಿಜಕ್ಕೂ ಎಷ್ಟು ತಿರುಗುತ್ತಿದೆ? ಚಾಲಕರು ಎಷ್ಟು ತಿರುಗಿಸಲು ಹೊರಟಿದ್ದಾರೆ? ಎರಡನೆಯದನ್ನು ತಿಳಿಸುವುದು ಸ್ಟೇರಿಂಗ್ ಕೋನದ ಸೆನ್ಸರ್.

ದೋಣಿಯ ಆಟೋಪೈಲಟ್‌ಗೂ ಇಂಥದ್ದೇ ಒಂದು ಸೆನ್ಸರ್ ಇರುತ್ತದೆ. ದಿಕ್ಸೂಚಿ ದೋಣಿಯ ಮುಖ ಯಾವ ಕಡೆಗಿದೆ ಎಂದಷ್ಟೇ ಹೇಳುತ್ತದೆ. ಚುಕ್ಕಾಣಿ ಎಷ್ಟು ಹೊರಳಿದೆ ಎಂಬ ಲೆಕ್ಕ ತಪ್ಪಿದರೆ ಯಂತ್ರ ಅತಿಯಾಗಿ ತಿರುಗಿಸಿ, ಮತ್ತೆ ಹಿಂದಕ್ಕೆಳೆದು, ದೋಣಿ ಹಾವಿನಂತೆ ಸಾಗುತ್ತದೆ. ಆದ್ದರಿಂದ ದಡದಲ್ಲಿ ಕಟ್ಟಿರುವಾಗಲೇ ಚುಕ್ಕಾಣಿಯನ್ನು ನಡುವಿಗೆ ತಂದು ಸೊನ್ನೆ ಗುರುತಿಸಿ, ಎಡಬಲದ ಕೊನೆಗಳವರೆಗೆ ಹೊರಳಿಸಿ ನೋಡುತ್ತಾರೆ. ಎಡಕ್ಕೆ ತಿರುಗಿಸಿದಾಗ ಪರದೆ ಬಲ ಎಂದು ತೋರಿಸಿದರೆ ತಂತಿ ಅದಲುಬದಲಾಗಿರಬಹುದು. ಒಳಗೆ ಉಜ್ಜಿಕೊಂಡು ಸರಿಯುವ ಸಂಪರ್ಕವಿರುವ ಸೆನ್ಸರುಗಳು ಹೆಚ್ಚು ಸವೆಯುವುದು ನಡುವಿನಲ್ಲೇ. ದೋಣಿ ಬಹುಪಾಲು ನೇರವಾಗಿ ತಾನೇ ಹೋಗುವುದು!

ಮತ್ತೆ ಕಾರಿಗೆ ಬರೋಣ. ಅಲೈನ್‌ಮೆಂಟ್ ಮಾಡಿಸಿದ ಮೇಲೆ ಸ್ಟೇರಿಂಗ್ ನೇರ ಕಂಡರೆ ಸಾಕು ಎಂಬ ನಂಬಿಕೆಯಿದೆ. ಆದರೆ ಕೆಲವರು ಸೊಟ್ಟಗಾದ ಸ್ಟೇರಿಂಗ್ ಚಕ್ರವನ್ನು ಬಿಚ್ಚಿ ನೇರವಾಗಿ ಕೂರಿಸಿಬಿಡುತ್ತಾರೆ. ಕಣ್ಣಿಗೆ ಎಲ್ಲ ಸರಿ, ಸೆನ್ಸರ್ ಮಾತ್ರ ಹಳೆಯ ಸೊಟ್ಟನ್ನೇ ವರದಿ ಮಾಡುತ್ತಿರುತ್ತದೆ. ಆಗ ಇಎಸ್‌ಸಿ ಬೇಡದ ಕಡೆ ಬ್ರೇಕ್ ಹಾಕಬಹುದು. ಹೆಚ್ಚಾಗಿ ಆಗುವುದೆಂದರೆ, ಲೆಕ್ಕ ತಾಳೆಯಾಗದೆ ಮೀಟರ್ ಬೋರ್ಡಿನಲ್ಲಿ ದೀಪ ಹೊತ್ತಿಸಿ ತಾನೇ ಕೆಲಸ ನಿಲ್ಲಿಸುವುದು. ಕಾರು ಮಾಮೂಲಿಯಂತೆ ಓಡುವುದರಿಂದ ನಾವೂ ಸುಮ್ಮನಾಗುತ್ತೇವೆ. ಅದು ಬೇಕಿದ್ದದ್ದು ಮುಂದಿನ ಒದ್ದೆ ತಿರುವಿನಲ್ಲಿ.

ಬ್ಯಾಟರಿ ವೈರ್ ತೆಗೆದು ಹಾಕಿದರೆ ದೀಪ ಆರುತ್ತದೆ ಎನ್ನುವವರಿದ್ದಾರೆ. ಕೆಲವು ಕಾರುಗಳಲ್ಲಿ ಇದರಿಂದ ನೆನಪಿನಲ್ಲಿದ್ದ ಸೊನ್ನೆಯೇ ಅಳಿಸಿಹೋಗಿ ದೀಪ ಹೊತ್ತಿಕೊಳ್ಳುತ್ತದೆ!

ಸರಿಯಾದ ಕ್ರಮ ಸರಳ: ಮೊದಲು ಟೈರ್ ಗಾಳಿ, ನಂತರ ಅಲೈನ್‌ಮೆಂಟ್, ಕೊನೆಗೆ ಸಮತಟ್ಟಾದ ಜಾಗದಲ್ಲಿ ಚಕ್ರಗಳು ನೇರ ಇರುವಾಗ ಸ್ಕ್ಯಾನರ್ ಹಾಕಿ ಸೊನ್ನೆ ಮಾಡುವುದು. ಕೆಲವು ಮಾದರಿಗಳಲ್ಲಿ ಸ್ಟೇರಿಂಗನ್ನು ಎರಡೂ ಕೊನೆಗಳಿಗೆ ತಿರುಗಿಸಿ, ಸ್ವಲ್ಪ ದೂರ ನೇರ ಓಡಿಸಿದರೆ ಕಾರು ತಾನೇ ಕಲಿತುಕೊಳ್ಳುತ್ತದೆ. ನಿಮ್ಮದು ಯಾವ ಬಗೆ ಎಂಬುದನ್ನು ಕಾರಿನ ಕೈಪಿಡಿಯಲ್ಲಿ ನೋಡಿ ಅಥವಾ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಸ್ಕ್ಯಾನರ್‌ನಲ್ಲಿ ಅಂಕಿ ನಡುವೆ ಎಲ್ಲೂ ಜಿಗಿಯದೆ ಏರಬೇಕು, ಎಡಬಲದ ಕೊನೆಗಳಲ್ಲಿ ಹೆಚ್ಚುಕಡಿಮೆ ಒಂದೇ ಇರಬೇಕು.

ಕಾರು ಒಂದು ಕಡೆಗೆ ಎಳೆಯುತ್ತದೆಯೇ ಎಂದು ನೋಡಲು ಮಾತ್ರ ಘಾಟಿ ರಸ್ತೆ ಬೇಡ. ಅಲ್ಲಿ ರಸ್ತೆಯೇ ಪಕ್ಕಕ್ಕೆ ವಾಲಿರುತ್ತದೆ. ಊರಿಗಿಳಿದು, ವಾಹನ ಓಡಾಟವಿಲ್ಲದ ಸಮತಟ್ಟಾದ ರಸ್ತೆಯಲ್ಲಿ ನೋಡಿ.