ಪರದೆಯ ವನವೂ ಹೊಳೆಯ ದಡವೂ

ಪ್ರೌಢಶಾಲೆಗಳಲ್ಲಿ ವಿಜ್ಞಾನ ಬೋಧನೆಗೆ ಈಚೆಗೆ ನೂತನ ಸಾಧನವೊಂದು ಒದಗಿರುವುದನ್ನು ವಾಚಕ ಮಹಾಶಯರು ಬಲ್ಲರು. ಮಕ್ಕಳು ಕೊಠಡಿಯಲ್ಲಿ ಕುಳಿತಂತೆಯೇ ಪರದೆಯ ಮೇಲೆ ಕಾಡು ಕಡಲುಗಳನ್ನು ಸುತ್ತಿಬರುವರು. ಇದಕ್ಕೆ ‘ವರ್ಚುವಲ್ ಫೀಲ್ಡ್ ಟ್ರಿಪ್’ ಎಂದು ಹೆಸರು.

ಕುಮಟೆಯಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗನು ಒಂದು ಸಂಜೆ, “ಅಜ್ಜ, ಇಂದು ಮ್ಯಾಂಗ್ರೋವ್ ಕಾಡು ನೋಡಿದೆವು” ಎಂದನು. “ಅದೆಲ್ಲಿದೆಯೋ?” ಎಂದರೆ, “ಬಂಗಾಳದ ಸುಂದರಬನದಲ್ಲಿ” ಎಂದನು. ನಮ್ಮ ಅಘನಾಶಿನಿಯ ದಡದ ಕಾಂಡ್ಲಾ ಗಿಡವೇ ಅದೆಂದು ಅವನರಿಯನು. ತಪ್ಪು ಹುಡುಗನದಲ್ಲ, ಪರದೆಯಲ್ಲಿ ನೋಡಿಯಾಯಿತೆಂದು ಆ ವರ್ಷದ ಹೊರಸಂಚಾರವನ್ನೇ ಅವರ ಶಾಲೆಯಲ್ಲಿ ಕೈಬಿಟ್ಟಿದ್ದರು.

ಮುಂದಿನ ಭಾನುವಾರ ಇಳಿತದ ಹೊತ್ತಿಗೆ ಅವನನ್ನು ಹೊಳೆಯ ದಡಕ್ಕೆ ಕರೆದೊಯ್ದೆನು. ಕೆಸರಿನಿಂದ ಮೊಳೆಗಳಂತೆ ಮೇಲೆದ್ದ ಬೇರುಗಳನ್ನು ಕಂಡೊಡನೆ, ನಾನು ಹೇಳುವ ಮೊದಲೇ, “ಇವು ಉಸಿರಾಡುವ ಬೇರುಗಳು!” ಎಂದು ಕೂಗಿದನು. ಮರುಕ್ಷಣವೇ ಮೂಗು ಮುಚ್ಚಿ, “ಈ ಕೊಳೆತ ಮೊಟ್ಟೆಯ ನಾತವೇಕೆ?” ಎಂದು ಕೇಳಿದನು. ಕೆಸರಿನೊಳಗೆ ಆಮ್ಲಜನಕವಿಲ್ಲ, ಅಲ್ಲಿಯ ಸೂಕ್ಷ್ಮಜೀವಿಗಳು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹುಟ್ಟಿಸುತ್ತವೆ, ಆದುದರಿಂದಲೇ ಬೇರುಗಳು ಗಾಳಿಯನ್ನರಸಿ ಮೇಲೆ ಬರುತ್ತವೆ ಎಂದು ವಿವರಿಸಿದೆನು. ಬೇರನ್ನು ಪರದೆ ತೋರಿಸಿತ್ತು. ಅದರ ಕಾರಣವನ್ನು ನಾತವು ತಿಳಿಸಿತು.

ಇಂದ್ರಿಯವು ವಸ್ತುವನ್ನು ಕೂಡಿದಾಗ ಹುಟ್ಟುವ ಜ್ಞಾನವೇ ಪ್ರತ್ಯಕ್ಷವೆಂದು ನ್ಯಾಯಶಾಸ್ತ್ರವು ಹೇಳುತ್ತದೆ. ಉಪಮಾನವೆಂಬುದು ಬೇರೆ. ಗವಯವು ಹಸುವಿನಂತಿರುವುದೆಂದು ಕೇಳಿದವನು ಕಾಡಿಗೆ ಹೋಗಿ, ಆ ಮೃಗವನ್ನು ಕಂಡು, ‘ಇದೇ ಗವಯ’ವೆಂದು ಗುರುತಿಸುವನು. ಪರದೆಯ ಪಾಠವು ಕೇಳಿದ ಆ ಮಾತಿನಂತೆ. ಅದು ವ್ಯರ್ಥವಲ್ಲ, ಆದರೆ ಕಾಡಿಗೆ ಹೋಗದಿದ್ದರೆ ಅಪೂರ್ಣ.

ಕಾಲು ಹೋಗಲಾರದೆಡೆಗೆ ಪರದೆಯೇ ಗತಿ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ಚಂದ್ರನ ನೆಲವನ್ನಾಗಲಿ, ಭಟ್ಕಳ ತಾಲೂಕಿನ ಮುರ್ಡೇಶ್ವರದಾಚೆ ನೇತ್ರಾಣಿ ದ್ವೀಪದ ಸುತ್ತ ನೀರಡಿಯಲ್ಲಿರುವ ಹವಳಗಳನ್ನಾಗಲಿ ಮಕ್ಕಳೆಲ್ಲರೂ ಬೇರೆ ಹೇಗೆ ನೋಡಿಯಾರು? ನಡೆಯಲಾಗದ ಮಗುವಿಗಂತೂ ಇದು ದೊಡ್ಡ ಉಪಕಾರ. ಆದರೆ ಅಘನಾಶಿನಿಯ ಅಳಿವೆ ಹಿತ್ತಲಿನಲ್ಲಿಯೇ ಇದೆ. 2024ರಲ್ಲಿ ಅದು ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು. ಹೊನ್ನಾವರದವರಿಗೆ ಶರಾವತಿಯ ದಡದಲ್ಲಿಯೂ ಕಾಂಡ್ಲಾ ವನವುಂಟು.

ಆದಕಾರಣ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಮಗುವು ಪರದೆಯ ಪ್ರವಾಸ ಮುಗಿಸಿ ಬಂದ ದಿನ, “ಏನು ನೋಡಿದೆ? ಅಂಥದು ನಮ್ಮ ಊರಿನಲ್ಲಿ ಎಲ್ಲಿದೆ?” ಎಂದು ಕೇಳಿರಿ. ಉತ್ತರ ಬಾರದಿದ್ದರೆ ಗದರಬೇಡಿರಿ. ಉಬ್ಬರ ಇಳಿತಗಳ ವೇಳೆಯನ್ನು ತಿಳಿದುಕೊಂಡು, ಕೈಹಿಡಿದು ಕರೆದೊಯ್ಯಿರಿ.