ಮೊದಲು ಲಾರಿ ಅಳೀರಿ, ಆಮೇಲೆ ಡಾಕ್ ಕಟ್ರಿ

ಕಳೆದ ಸೆಮಿಸ್ಟರಿನಲ್ಲಿ ನಾವು ಏಳು ಜನ ಒಂದು ಗೋದಾಮು ನೋಡಲು ಹೋಗಿದ್ದೆವು. ಹೆಸರು ಬೇಡ, ನಮ್ಮ ಜಿಲ್ಲೆಯದೇ. ಇಂಡಸ್ಟ್ರಿಯಲ್ ವಿಸಿಟ್ ಅಂದ್ರೆ ನಿಮಗೂ ಗೊತ್ತು: ಅರ್ಧ ತಾಸು ನೋಡೋದು, ಒಂದು ತಾಸು ಫೋಟೋ. ಅವತ್ತು ಮಾತ್ರ ಯಾರೂ ಫೋನ್ ಹೊರಗೆ ತೆಗೆಯಲಿಲ್ಲ. ಕಟ್ಟೆಗೂ ಲಾರಿಗೂ ನಡುವೆ ದಪ್ಪ ಕಬ್ಬಿಣದ ತಗಡು ಹಾಸಿದ್ದರು. ಅದರ ಮೇಲೆ ಫೋರ್ಕ್‌ಲಿಫ್ಟ್ ಒಳಗೆ ಹೊರಗೆ ಓಡಾಡುತ್ತಿತ್ತು. ಐದೋ ಆರೋ ಸಲ ಆದ ಮೇಲೆ, ಖಾಲಿ ಗಾಡಿ ಹಿಂದಕ್ಕೆ ಬರುವಾಗ, ತಗಡಿನ ಲಾರಿ ಕಡೆಯ ತುದಿ ಜಾರಿತು. ಮುಂದಿನ ಒಂದು ಗಾಲಿ ಸಂದಿಗೆ ಸಿಕ್ಕು ಗಾಡಿ ಮಗ್ಗಲಿಗೆ ವಾಲಿ ನಿಂತಿತು. ಡ್ರೈವರ್ ಸ್ಟೇರಿಂಗ್ ಬಿಡದೆ ಕುಳಿತಿದ್ದರು. ಪಕ್ಕದಲ್ಲಿದ್ದ ಹಮಾಲರೊಬ್ಬರು ಕಟ್ಟೆಯಿಂದ ಜಿಗಿದು ಪಾರಾದರು.

ಯಾರಿಗೂ ಏನೂ ಆಗಲಿಲ್ಲ. ಚಹಾ ಕುಡಿಯುವಾಗ ಅದೇ ಹಮಾಲ ಕಾಕಾ ನಮಗೆ ಅಂದರು: “ತಮ್ಮಾ, ಲಾರಿ ಸರಿತೈತಿ. ಯಾರೂ ಸರಸೂದಿಲ್ಲ, ತಾನ ಸರಿತೈತಿ.”

ತಾನೇ ಸರಿಯುವುದಿಲ್ಲ, ಸರಿಸೋದು ಫೋರ್ಕ್‌ಲಿಫ್ಟೇ. ಫಸ್ಟ್ ಇಯರ್ ಮೆಕ್ಯಾನಿಕ್ಸ್ ಒಮ್ಮೆ ನೆನಪು ಮಾಡಿಕೊಳ್ಳೋಣ. 3 ಟನ್ ಎತ್ತುವ ಡೀಸೆಲ್ ಫೋರ್ಕ್‌ಲಿಫ್ಟಿನ ಸ್ವಂತ ತೂಕವೇ ಸುಮಾರು 4.5 ಟನ್. ಒಂದೂವರೆ ಟನ್ ಮಾಲು ಹೊತ್ತರೆ ಒಟ್ಟು 6 ಟನ್. ಗಂಟೆಗೆ 8 ಕಿ.ಮೀ. ಅಂದ್ರೆ ಸೆಕೆಂಡಿಗೆ 2.2 ಮೀಟರ್. ಲಾರಿಯೊಳಗೆ ಹೋಗಿ ಒಂದು ಸೆಕೆಂಡಿನಲ್ಲಿ ಬ್ರೇಕ್ ಹಾಕಿ ನಿಂತರೆ, ಲಾರಿಯನ್ನು ಮುಂದಕ್ಕೆ ದೂಡುವ ಬಲ ಸುಮಾರು 13 ಕಿಲೋನ್ಯೂಟನ್. ಅಂದ್ರೆ 1.3 ಟನ್ ಭಾರದಷ್ಟು. ವಾಪಸ್ ಬರುವಾಗ ರಿವರ್ಸ್‌ನಲ್ಲಿ ಎಕ್ಸಿಲರೇಟರ್ ಒತ್ತಿದರೂ ಗಾಲಿಗಳು ಲಾರಿಯನ್ನು ತಳ್ಳೋದು ಮುಂದಕ್ಕೇ. ಹೋಗುವಾಗಲೂ ಬರುವಾಗಲೂ ಕಟ್ಟೆಯಿಂದ ದೂರಕ್ಕೆ! ಖಾಲಿ ಲಾರಿ, ಸವೆದ ಹ್ಯಾಂಡ್‌ಬ್ರೇಕ್, ಸ್ವಲ್ಪ ಇಳಿಜಾರು ಇದ್ದರೆ ಒಂದೊಂದು ಟ್ರಿಪ್ಪಿಗೂ ಬೆರಳಷ್ಟು ಸರಿಯುತ್ತಾ ಹೋಗುತ್ತದೆ.

ಅದಕ್ಕೇ ನಮ್ಮ ಅಭಿಪ್ರಾಯ ಹೀಗಿದೆ. ಡಾಕ್‌ಗೆ ಏನೇ ಕೊಳ್ಳುವುದಿದ್ದರೂ ಮೊದಲ ರೂಪಾಯಿ ಹೋಗಬೇಕಾದದ್ದು ಲಾರಿಯನ್ನು ಹಿಡಿದು ನಿಲ್ಲಿಸುವ ಸಾಮಾನಿಗೆ. ನಮ್ಮಲ್ಲಿ ಆಗೋದು ಉಲ್ಟಾ. ಹೈಡ್ರಾಲಿಕ್ ಲೆವೆಲರ್ ಬೇಕು, ಸೆನ್ಸರ್ ಬೇಕು, ಕೆಂಪು-ಹಸಿರು ದೀಪ ಬೇಕು, ಗಾಲಿಗೆ ಮಾತ್ರ ರಸ್ತೆ ಬದಿಯ ಕಲ್ಲು. ಆ ಕಲ್ಲು ಗಾಲಿಯ ಕೆಳಗೆ ಉರುಳಬಹುದು, ಒಡೆಯಬಹುದು. ರಬ್ಬರ್ ಅಥವಾ ಉಕ್ಕಿನ ಒಳ್ಳೆಯ ವೀಲ್ ಚಾಕ್ ಜೋಡಿಗೆ ಸರಪಳಿ ಹಾಕಿ ಗೋಡೆಗೆ ಕಟ್ಟಿಟ್ಟರೆ ಅದು ಕಳೆದೂ ಹೋಗುವುದಿಲ್ಲ.

ಇದಕ್ಕಿಂತ ಮೇಲಿನದು ಲಾರಿಯ ಹಿಂದಿನ ಅಡ್ಡಪಟ್ಟಿಯನ್ನು ಕೊಕ್ಕೆ ಹಾಕಿ ಹಿಡಿಯುವ ಯಂತ್ರ. ಕ್ಯಾಟಲಾಗಿನಲ್ಲಿ ಬಹಳ ಚೆಂದ ಕಾಣುತ್ತದೆ. ಆದರೆ ನಮ್ಮ ರಸ್ತೆಯ ಲಾರಿಗಳ ಹಿಂದೆ ಒಮ್ಮೆ ಬಗ್ಗಿ ನೋಡಿ. ಪಟ್ಟಿ ಸೊಟ್ಟಗಾಗಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಕೊಕ್ಕೆ ಯಾವುದಕ್ಕೆ ಸಿಗಿಸೋದು? ಇಂಥ ಕಡೆ ಗಾಲಿಯನ್ನೇ ಹಿಡಿಯುವ ವ್ಯವಸ್ಥೆ ಸರಿ. ಜೊತೆಗೆ ಪೈಸೆ ಖರ್ಚಿಲ್ಲದ ಒಂದು ನಿಯಮ: ಲೋಡಿಂಗ್ ಮುಗಿಯುವವರೆಗೆ ಲಾರಿಯ ಚಾವಿ ಗೋದಾಮಿನ ಆಫೀಸಿನ ಮೊಳೆಗೆ. “ಆತು” ಅಂತ ಯಾರೋ ಕೂಗಿದ್ದು ಕೇಳಿ ಡ್ರೈವರ್ ಗಾಡಿ ಎತ್ತಿಬಿಟ್ಟರೆ ಚಾಕೂ ಇಲ್ಲ, ಕೊಕ್ಕೆಯೂ ಇಲ್ಲ. ಎಂಜಿನ್ ಬಿಚ್ಚಿಕೊಂಡು ಹೋದ ಟ್ರೇಲರ್ ಆಗಿದ್ದರೆ ಮುಂದಿನ ತುದಿಗೆ ಜಾಕ್ ಸ್ಟ್ಯಾಂಡ್ ಕೊಡಲೇಬೇಕು. ಇಲ್ಲದಿದ್ದರೆ ಫೋರ್ಕ್‌ಲಿಫ್ಟ್ ಆ ತುದಿಗೆ ಹೋದಾಗ ಮೂಗು ಮಣ್ಣಿಗೆ ಕುಕ್ಕಬಹುದು.

ಇನ್ನು ಎತ್ತರದ ಮಾತು. ಬಾಗಲಕೋಟೆಯ ಒಂದೇ ಗೋದಾಮಿಗೆ ಬೆಳಗ್ಗೆ ಹತ್ತು ಗಾಲಿಯ ಲಾರಿ, ಮಧ್ಯಾಹ್ನ ಬಾದಾಮಿ ಕಡೆಯ ಹಳ್ಳಿಯಿಂದ ಟ್ರ್ಯಾಕ್ಟರ್ ಟ್ರೇಲರ್, ಸಂಜೆ ಪುಟಾಣಿ ಟೆಂಪೊ ಬರುತ್ತದೆ. ನಾವು ಟೇಪ್ ಹಿಡಿದು ಅಳೆದಾಗ ಎರಡು ಗಾಡಿ ಒಂದೇ ಎತ್ತರ ಸಿಗಲಿಲ್ಲ. ಸಾಲದ್ದಕ್ಕೆ ಮಾಲು ತುಂಬಿದಂತೆ ಸ್ಪ್ರಿಂಗ್ ಕುಸಿದು ಲಾರಿಯೂ ಇಳಿಯುತ್ತದೆ. ಕಟ್ಟೆ 1.2 ಮೀಟರ್, ಲಾರಿ 1 ಮೀಟರ್ ಇದ್ದರೆ ವ್ಯತ್ಯಾಸ 20 ಸೆಂ.ಮೀ. ಲೆವೆಲರ್ 2 ಮೀಟರ್ ಉದ್ದವಿದ್ದರೆ ಇಳಿಜಾರು 10%, ನಡೆಯುತ್ತದೆ. ಟೆಂಪೊ 70 ಸೆಂ.ಮೀ. ಇದ್ದರೆ ಅದೇ ಲೆವೆಲರಿಗೆ 25%. ಅಲ್ಲಿ ಫೋರ್ಕ್‌ಲಿಫ್ಟ್ ಇಳಿಸೋದು ಹುಚ್ಚುತನ, ಟೆಂಪೊಗೆ ನೆಲದ ಮೇಲಿಂದಲೇ ತುಂಬಬೇಕು. ಕೆಪಾಸಿಟಿ ವಿಷಯದಲ್ಲೂ ಹುಷಾರಾಗಿರಬೇಕು. ಬೋರ್ಡಿನ ಮೇಲಿನ ಅಂಕಿ ನಿಂತ ಭಾರಕ್ಕೋ ಓಡುವ ಭಾರಕ್ಕೋ ಅಂತ ಮಾರುವವರನ್ನು ಕೇಳಿ ಬರಹದಲ್ಲಿ ತಗೋಬೇಕು.

ಇಷ್ಟೆಲ್ಲಾ ಮಾಡಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಫೋರ್ಕ್‌ಲಿಫ್ಟ್ ಲಾರಿಯೊಳಗೆ ಹೋಗಲೇಬೇಕಾ? ಪುಸ್ತಕದ ಡಾಕ್ ಇರೋದು ಗಟ್ಟಿ ನೆಲದ ಕಂಟೇನರಿಗೆ, ಪ್ಯಾಲೆಟ್ ಮೇಲಿನ ಮಾಲಿಗೆ. ಬಾಗಲಕೋಟೆ, ಬಾದಾಮಿ, ಹುನಗುಂದದಲ್ಲಿ ಮಾಲು ಅಂದ್ರೆ ಚೀಲ: ಕಡಲೆ, ಗೋವಿನಜೋಳ, ಗೊಬ್ಬರ, ಸಿಮೆಂಟ್. ಲಾರಿ ಅಂದ್ರೆ ತೆರೆದ ಬಾಡಿ, ಹಲಗೆಯ ನೆಲ. ಆ ಹಲಗೆಯ ಮೇಲೆ 6 ಟನ್, ಅದೂ ಹೆಚ್ಚಿನ ಪಾಲು ಮುಂದಿನ ಎರಡು ಗಾಲಿಗಳ ಮೇಲೆ. ಇಂಥಲ್ಲಿ ಚೀಲವನ್ನು ಲಾರಿವರೆಗೆ ಒಯ್ಯುವ ಬೆಲ್ಟ್ ಕನ್ವೇಯರ್ ಎಷ್ಟೋ ಮೇಲು. ಸಿಮೆಂಟ್ ಫ್ಯಾಕ್ಟರಿಗಳು ಮಾಡೋದೂ ಅದನ್ನೇ.

ಇಳಕಲ್ಲಿನ ಕಥೆ ಬೇರೆ. ಗ್ರಾನೈಟ್ ಘನ ಮೀಟರಿಗೆ ಸುಮಾರು 2.7 ಟನ್. 3 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಅಷ್ಟೇ ಎತ್ತರದ ಬ್ಲಾಕ್ 18 ಟನ್ ದಾಟುತ್ತದೆ. ಅದು ಕ್ರೇನ್ ಕೆಲಸ, ಅಲ್ಲಿ ಡಾಕ್ ಪ್ರಶ್ನೆಯೇ ಇಲ್ಲ. ಕೊಯ್ದ ಸ್ಲ್ಯಾಬಿನ ಕಟ್ಟುಗಳನ್ನು ಕಂಟೇನರಿಗೆ ತುಂಬುವಾಗ ಮಾತ್ರ ಡಾಕ್ ಅಥವಾ ಕಬ್ಬಿಣದ ರ‍್ಯಾಂಪ್ ಬೇಕು, ಲಾರಿ ಹಿಡಿಯುವ ಚಾಕ್ ಎಲ್ಲರಿಗಿಂತ ಹೆಚ್ಚು ಬೇಕು. ರ‍್ಯಾಂಪಿನ ಮೇಲೆ ಮಾಲು ಯಾವಾಗಲೂ ಏರಿನ ಕಡೆ ಇರಲಿ, ನಡುವೆ ತಿರುಗಿಸಬೇಡಿ. ಅದೇ ಊರಿನ ಸೀರೆ ಪಾರ್ಸಲ್ಲಿಗೆ ಒಂದು ಕೈಗಾಡಿ ಸಾಕು.

ಬೆಲ್ಟ್ ಅಂದ ಕೂಡಲೇ ಹಮಾಲ ಕಾಕಾ ಮುಖ ಸಣ್ಣದಾಗಿತ್ತು. “ಚೀಲಕ್ಕಿಷ್ಟ ಅಂತ ಕೂಲಿ ನಮ್ದು. ಬೆಲ್ಟ್ ಬಂದ್ರ ನಮಗೇನ್ ಕೊಡ್ತಾರ?” ನಮ್ಮ ಬಳಿ ಉತ್ತರ ಇರಲಿಲ್ಲ. ಒಬ್ಬರನ್ನು ಗಾಯಗೊಳಿಸುವಷ್ಟು ಭಾರ ಹೊರಿಸಬಾರದು ಅಂತ 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮೇ ಹೇಳಿತ್ತು. ಅದು ಬೆನ್ನಿನ ಮಾತಾಯಿತು, ಹೊಟ್ಟೆಯ ಮಾತು ಉಳಿಯಿತು. ಬೆಲ್ಟ್ ಬಂದರೂ ಲಾರಿಯಲ್ಲಿ ಚೀಲ ಜೋಡಿಸಲು ಜನ ಬೇಕು. ಅವರ ದರ ಎಷ್ಟು ಅಂತ ಯಂತ್ರ ತರುವ ಮೊದಲೇ ಅವರ ಜೊತೆ ಕೂತು ಮಾತಾಡಬೇಕು. ನಮ್ಮ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಈ ಖರ್ಚಿಗೆ ಒಂದು ಸಾಲೂ ಇರುವುದಿಲ್ಲ.

ಇದನ್ನು ಈಗಲೇ ಹೇಳಲು ಕಾರಣವಿದೆ. ಮುಳುಗಡೆಯಿಂದ ಊರೇ ಎದ್ದು ನವನಗರಕ್ಕೆ ಬಂದದ್ದನ್ನು ನಮ್ಮ ಮನೆಯ ಹಿರಿಯರು ಕಂಡಿದ್ದಾರೆ. ಆಲಮಟ್ಟಿಯ ನೀರಿನ ಮಟ್ಟ 519.6 ಮೀಟರಿನಿಂದ 524.256ಕ್ಕೆ ಏರಿದರೆ ಇನ್ನಷ್ಟು ಜಾಗ ಬಿಡಬೇಕು, ಇನ್ನಷ್ಟು ಗೋದಾಮು ಹೊಸದಾಗಿ ಏಳುತ್ತವೆ. ಲೆವೆಲರ್ ಕೂರುವ ಗುಂಡಿಯನ್ನು ಕಾಂಕ್ರೀಟ್ ಹಾಕುವಾಗಲೇ ಬಿಡಬೇಕು. ಆಮೇಲೆ ಒಡೆಯೋದು ಅಂದ್ರೆ ಖರ್ಚು ಎರಡರಷ್ಟಲ್ಲ, ಯಾರೂ ಒಡೆಯುವುದೇ ಇಲ್ಲ, ಮತ್ತೆ ತಗಡೇ ಗತಿ. ಆ ಡ್ರಾಯಿಂಗ್ ಹಾಕುವವರು ನಮ್ಮ ಸಿವಿಲ್ ಸೀನಿಯರ್‌ಗಳೇ ಆಗಿರಬಹುದು.

ಮುಂದಿನ ಭಾನುವಾರ ನಾವು ಹುನಗುಂದ-ಇಳಕಲ್ ಹೆದ್ದಾರಿಯ ಢಾಬಾಗಳಲ್ಲಿ ನಿಂತ ಲಾರಿಗಳ ಎತ್ತರ ಅಳೆಯಲು ಹೊರಟಿದ್ದೇವೆ, ಡ್ರೈವರ್‌ಗಳನ್ನು ಕೇಳಿಕೊಂಡೇ. ಟೇಪ್ ಎರಡು ಅದಾವ. ಬರೋರು ಬೆಳಗ್ಗೆ ಏಳಕ್ಕ ಗೇಟಿಗೆ ಬರ್ರಿ.