ತಾಳಿ ಕಟ್ಟಿದ ಮೇಲೆ ಕೇಳುವ ಒಪ್ಪಿಗೆ

ತಮಿಳುನಾಡಿನ ಸೇಲಂ, ಧರ್ಮಪುರಿ ಜಿಲ್ಲೆಗಳ ಶಿಕ್ಷಕರು ಡಿಜಿಟಲ್ ಪಠ್ಯಪುಸ್ತಕವನ್ನು ಎಷ್ಟರ ಮಟ್ಟಿಗೆ ಒಪ್ಪಿಕೊಂಡಿದ್ದಾರೆ ಎಂದು ಅಳೆಯುವ ಚಟ ನಮ್ಮ ಶಿಕ್ಷಣ ಪಂಡಿತರಿಗೆ ಹತ್ತಿದೆ. ಪ್ರಶ್ನೆಪಟ್ಟಿ ಬರುತ್ತದೆ. 'ಪೂರ್ತಿ ಒಪ್ಪುತ್ತೇನೆ'ಯಿಂದ 'ಖಂಡಿತ ಒಪ್ಪುವುದಿಲ್ಲ'ದವರೆಗೆ ಐದು ಚೌಕ. ಗುರುತು ಹಾಕಿ ಕೊಟ್ಟರೆ ಸರಾಸರಿ ತೆಗೆಯುತ್ತಾರೆ. ಅಂಕಿ ಇಳಿದಿದ್ದರೆ, ಮೇಷ್ಟ್ರಿಗೆ ಇನ್ನಷ್ಟು ತರಬೇತಿ ಕೊಡಿ ಎನ್ನುತ್ತಾರೆ. ಕೊರತೆ ಪುಸ್ತಕದ್ದಿರಬಹುದು, ಕರೆಂಟಿನದ್ದಿರಬಹುದು, ಸರ್ಕಾರದ್ದಿರಬಹುದು ಎಂಬ ಅನುಮಾನ ಆ ಐದು ಚೌಕಗಳ ಹತ್ತಿರವೂ ಸುಳಿಯುವುದಿಲ್ಲ.

ನನಗೆ ಸಿಟ್ಟು ಬರಿಸುವುದು 'ಒಪ್ಪಿಗೆ' ಎಂಬ ಆ ಮಾತು. 2018ರಲ್ಲಿ ತಮಿಳುನಾಡಿನ 1, 6, 9 ಮತ್ತು 11ನೇ ತರಗತಿಗಳ ಹೊಸ ಪುಸ್ತಕಗಳು ಕ್ಯೂಆರ್ ಕೋಡ್ ಹೊತ್ತುಕೊಂಡೇ ಬಂದವು. ಸರ್ಕಾರದ ಕಲಿಕೆಯ ಆ್ಯಪ್ ದೀಕ್ಷಾ ಹಾಕಿಕೊಳ್ಳಿ, ಸ್ಕ್ಯಾನ್ ಮಾಡಿ, ವಿಡಿಯೊ ತೋರಿಸಿ ಎಂದರು. 2019ರಲ್ಲಿ ಪಾಠಗಳ ವಾಹಿನಿ ಕಲ್ವಿ ಟಿವಿ ಬಂತು. 2022ರಲ್ಲಿ ಅಂಕಿ, ಅಕ್ಷರ ಕಲಿಸುವ 'ಎಣ್ಣುಂ ಎಳುತ್ತುಂ' ಯೋಜನೆ ಬಂದಾಗ ಒಂದನೇ ತರಗತಿಯ ಮಗುವಿನ ಮೌಲ್ಯಮಾಪನವೂ ಆ್ಯಪಿಗೆ ಹೋಯಿತು. ಇಲಾಖೆಯ ದತ್ತಾಂಶ ಜಾಲ ಎಮಿಸ್ ಅಂತೂ ದಿನದ ಹಾಜರಿಯಿಂದ ಹಿಡಿದು ಎಲ್ಲವನ್ನೂ ನುಂಗುತ್ತಿದೆ. ಇವುಗಳಲ್ಲಿ ಒಂದನ್ನಾದರೂ ಬೇಡ ಎನ್ನುವ ಹಕ್ಕು ಶಿಕ್ಷಕರಿಗಿತ್ತೇ? ತಾಳಿ ಕಟ್ಟಿದ ಮೇಲೆ ಹುಡುಗಿಗೆ ಒಪ್ಪಿಗೆಯೇ ಎಂದು ಕೇಳುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಒಪ್ಪಿಗೆಯ ಈ ಅಳತೆಗೋಲು ಹುಟ್ಟಿದ್ದಾದರೂ ಎಲ್ಲಿ? 1989ರಲ್ಲಿ ಫ್ರೆಡ್ ಡೇವಿಸ್ ಎಂಬ ಅಮೆರಿಕದ ವಿದ್ವಾಂಸರು ಇದನ್ನು ಪ್ರಕಟಿಸಿದರು. ಪರೀಕ್ಷೆಗೆ ಸಿಕ್ಕವರು ಟೊರಾಂಟೊದಲ್ಲಿ ಐಬಿಎಂ ಪ್ರಯೋಗಾಲಯದ ನೌಕರರು ಮತ್ತು ಬಾಸ್ಟನ್ನಿನ ಎಂಬಿಎ ವಿದ್ಯಾರ್ಥಿಗಳು. ವಸ್ತು ಉಪಯುಕ್ತವೇ, ಬಳಸಲು ಸುಲಭವೇ, ಇವೆರಡೇ ಪ್ರಶ್ನೆ. ಮೇಜಿನ ಮೇಲೆ ಕಂಪನಿಯ ಕಂಪ್ಯೂಟರು, ತಿಂಗಳ ಬಿಲ್ಲು ಕಂಪನಿಯ ಲೆಕ್ಕಕ್ಕೆ. ಅಂಥವರಿಗೆ ಆ ಎರಡು ಪ್ರಶ್ನೆ ಸಾಕು. ಐದು ತರಗತಿಗಳನ್ನು ಇಬ್ಬರೇ ನಡೆಸುವ, ಧರ್ಮಪುರಿಯ ಪೆನ್ನಾಗರಂ ಸೀಮೆಯ ಶಾಲೆಗೆ ಸಾಲುವುದಿಲ್ಲ. ಅಲ್ಲಿ ಮೊದಲು ಕೇಳಬೇಕಾದದ್ದು ಬೇರೆ. ಫೋನ್ ಯಾರದು? ಡೇಟಾಕ್ಕೆ ಯಾರ ದುಡ್ಡು? ಸಮಯ ಯಾರದು?

ಅದೇ ಪೆನ್ನಾಗರಂ ಸೀಮೆಯ ಕೋಟೂರು ಬೆಟ್ಟವನ್ನು ನೆನಪಿಸಿಕೊಳ್ಳಿ. ಚುನಾವಣೆಯ ಹೊತ್ತಿಗೆ ಮತಯಂತ್ರಗಳನ್ನು ಕತ್ತೆಗಳ ಬೆನ್ನಿಗೆ ಹೇರಿ ಬೆಟ್ಟ ಹತ್ತಿಸಿದ ಚಿತ್ರವನ್ನು ಪತ್ರಿಕೆಗಳಲ್ಲಿ ಎಲ್ಲರೂ ನೋಡಿದ್ದೇವೆ. ಗಾಡಿ ಹೋಗುವ ರಸ್ತೆಯನ್ನು ಹೊತ್ತಿಗೆ ಸರಿಯಾಗಿ ಮಾಡಿಕೊಡದವರು ಅಂಥ ಬೆಟ್ಟದ ಮಕ್ಕಳ ಪುಸ್ತಕದ ಅರ್ಧವನ್ನು ಇಂಟರ್ನೆಟ್ಟಿನಲ್ಲಿ ಇಟ್ಟು, ಮೇಷ್ಟ್ರೇ ನಿಮಗೆ ಒಪ್ಪಿಗೆಯೇ ಎಂದು ಕೇಳುತ್ತಿದ್ದಾರೆ. 2011ರ ಜನಗಣತಿಯಲ್ಲಿ ಇಡೀ ತಮಿಳುನಾಡಿನಲ್ಲೇ ಅತಿ ಕಡಿಮೆ ಸಾಕ್ಷರತೆ ಧರ್ಮಪುರಿಯದು, ನೂರಕ್ಕೆ 68.5. ಅಪ್ಪ ಅಮ್ಮ ಕೂಲಿಗೆಂದು ಬೆಂಗಳೂರಿಗೋ ತಿರುಪ್ಪೂರಿಗೋ ಹೋದರೆ ಮನೆಯ ಫೋನೂ ಅವರ ಜೊತೆ ಹೋಗುತ್ತದೆ. ಅಜ್ಜಿಯ ಹತ್ತಿರ ಉಳಿದ ಮಗುವಿನ ಕೈಯಲ್ಲಿರುವುದು ಆ ಅಚ್ಚಾದ ಪುಸ್ತಕ ಮಾತ್ರ. ಪಾಠದ ಪಕ್ಕದ ಕ್ಯೂಆರ್ ಕೋಡಿನ ಕಪ್ಪು ಚೌಕ ಆ ಮಗುವಿಗೆ ಮುಚ್ಚಿದ ಬಾಗಿಲು.

2024ರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಸುಮಾರು 80 ಸಾವಿರ ಟ್ಯಾಬ್ ಹಂಚಲು ಹೊರಟೆವಲ್ಲ ಎನ್ನುತ್ತಾರೆ ಸರ್ಕಾರದವರು. ಟ್ಯಾಬ್ ಶಿಕ್ಷಕರಿಗೆ, ಮಗುವಿಗಲ್ಲ. ಮೂವತ್ತು ಮಕ್ಕಳು ಅಂಗೈಯಗಲದ ಪರದೆಗೆ ಮುತ್ತಿಕೊಂಡರೆ ಮುಂದಿನ ಸಾಲಿನ ನಾಲ್ವರಿಗೆ ಕಾಣುತ್ತದೆ, ಉಳಿದವರಿಗೆ ಮುಂದಿನವರ ತಲೆ ಕಾಣುತ್ತದೆ. ಅಷ್ಟರಲ್ಲಿ ಸರ್ವರ್ ನಿಂತಿರುತ್ತದೆ. ಕಲಿಸುವ ಹೊತ್ತನ್ನು ದತ್ತಾಂಶ ತುಂಬಿಸುವ ಕೆಲಸ ತಿನ್ನುತ್ತಿದೆ, ಎಮಿಸ್‌ನಿಂದ ಬಿಡುಗಡೆ ಕೊಡಿ ಎಂದು 2023ರಲ್ಲಿ ಶಿಕ್ಷಕರ ಸಂಘಟನೆಗಳು ಬೀದಿಗಿಳಿದಿದ್ದವು. ಆ ದನಿಗೆ ಯಾವ ಚೌಕದಲ್ಲಿ ಜಾಗವಿದೆ?

ಭಾಷೆಯ ಮಾತನ್ನೂ ಆಡಿಬಿಡುತ್ತೇನೆ, ಇದು ಹಳೆಯ ಗಾಯ. 2011ರ ಲೆಕ್ಕದಲ್ಲಿ ತಮಿಳುನಾಡಿನ ಕನ್ನಡಿಗರು 12 ಲಕ್ಷ 86 ಸಾವಿರ. ಸೇಲಂನ ದೇವಾಂಗ ನೇಕಾರರ ಮನೆಗಳಲ್ಲಿ ಇಂದಿಗೂ ಕನ್ನಡವಿದೆ. ಹಳೆಯ ಧರ್ಮಪುರಿ ಜಿಲ್ಲೆಯ ಭಾಗವೇ ಆಗಿದ್ದ, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಸೇರಿದ ಹೊಸೂರು, ಡೆಂಕಣಿಕೋಟೆ ಸೀಮೆಯಲ್ಲಿ ಕನ್ನಡ ಶಾಲೆಗಳೇ ಇವೆ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಭಾಷಾ ಅಲ್ಪಸಂಖ್ಯಾತ ಮಕ್ಕಳು ಹತ್ತನೇ ತರಗತಿಯ ಪರೀಕ್ಷೆಯಲ್ಲಿ ತಮಿಳಿನಿಂದ ವಿನಾಯಿತಿ ಪಡೆಯಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು, 2023ರಲ್ಲಿ ಸಿಕ್ಕಿದ್ದು ಒಂದು ವರ್ಷದ ಉಸಿರು. ಕಾಗದದ ಮೇಲೆ ಬರೆಯುವ ಪರೀಕ್ಷೆಗೇ ಇಷ್ಟು ಅಲೆದಾಟವಾದರೆ, ಪರದೆಯ ಪುಸ್ತಕದಲ್ಲಿ ಆ ಮಗುವಿನ ಭಾಷೆಯನ್ನು ಕಾಯುವವರು ಯಾರು? ಆ ಕಾಯ್ದೆ ತಂದಾಗ ಮೇಷ್ಟ್ರ ಒಪ್ಪಿಗೆಯನ್ನೂ ಯಾರೂ ಕೇಳಲಿಲ್ಲ, ಮಗುವಿನ ಒಪ್ಪಿಗೆಯನ್ನೂ ಕೇಳಲಿಲ್ಲ.

ಬೇಡ ಎಂದ ಕಡೆ ಏನಾಯಿತು ನೋಡಿ. ಹಣವೂ ನೆಟ್‌ವರ್ಕೂ ತುಂಬಿ ತುಳುಕುವ ದಕ್ಷಿಣ ಕೊರಿಯಾ 2025ರ ಮಾರ್ಚಿನಲ್ಲಿ ಕೃತಕ ಬುದ್ಧಿಮತ್ತೆಯ ಡಿಜಿಟಲ್ ಪಠ್ಯಪುಸ್ತಕ ತಂದಿತು. ಶಿಕ್ಷಕರು, ಹೆತ್ತವರು ತಿರುಗಿಬಿದ್ದರು. ಆಗಸ್ಟಿನಲ್ಲಿ ಅಲ್ಲಿನ ಸಂಸತ್ತು ಅದರ ಪಠ್ಯಪುಸ್ತಕದ ಪಟ್ಟವನ್ನೇ ಕಿತ್ತು, ಪೂರಕ ಸಾಮಗ್ರಿಯ ಸಾಲಿಗೆ ತಳ್ಳಿತು. ಸ್ವೀಡನ್ 2023ರಲ್ಲೇ ಶಾಲೆಗಳಿಗೆ ಅಚ್ಚಿನ ಪುಸ್ತಕ ಕೊಳ್ಳಲು ಮತ್ತೆ ದುಡ್ಡು ತೆಗೆದಿಟ್ಟಿತು. ಅದೇ ವರ್ಷದ ಯುನೆಸ್ಕೊ ವರದಿಯ ಹೆಸರಿನಲ್ಲೇ, ಈ ತಂತ್ರಜ್ಞಾನ ಯಾರ ಷರತ್ತಿನ ಮೇಲೆ ಎಂಬ ಪ್ರಶ್ನೆಯಿದೆ. ಕೊರಿಯಾದ ಶಿಕ್ಷಕರು ಬೇಡ ಎಂದರು, ಸರ್ಕಾರ ಹಿಂದೆ ಸರಿಯಬೇಕಾಯಿತು. ಬೇಡ ಎಂದರೆ ನಿಲ್ಲುತ್ತದೆ ಎಂಬ ಕಡೆ ಮಾತ್ರ ಹೌದು ಎಂಬುದಕ್ಕೆ ಬೆಲೆ.

ಆದ್ದರಿಂದ ಮುಂದಿನ ಪ್ರಶ್ನೆಪಟ್ಟಿಯ ತಲೆಯ ಮೇಲೆ ಇಲಾಖೆ ಒಂದು ಸಾಲು ಅಚ್ಚು ಮಾಡಲಿ: ಹೆಚ್ಚಿನವರು ಬೇಡ ಎಂದರೆ ನಿಲ್ಲಿಸುತ್ತೇವೆ. ಆ ಸಾಲು ಬರುವವರೆಗೆ ಸೇಲಂ, ಧರ್ಮಪುರಿಯ ಮೇಷ್ಟ್ರುಗಳು, ಮೇಡಂಗಳು ಐದು ಚೌಕಗಳನ್ನೂ ಖಾಲಿ ಬಿಟ್ಟು ಹಾಳೆಯನ್ನು ಹಿಂದಕ್ಕೆ ಕಳಿಸಲಿ.